ಕೋವಿ ಹಿಡಿದು ಲಾಡ್ಜಿಗೆ ಹೋಗುವ ಮುನ್ನ

ಗಡಿನಾಡಿನ ಕೃಷಿಕರಿಗೆ ಕೋವಿ ಹೊಸದಲ್ಲ. ಕಾಸರಗೋಡು, ವಯನಾಡು ಕಡೆಯ ತೋಟಗಳಲ್ಲಿ ಬೆಳೆ ರಕ್ಷಣೆಗೆಂದು ಲೈಸೆನ್ಸ್ ಪಡೆದವರು ತಲೆಮಾರುಗಳಿಂದ ಇದ್ದಾರೆ. ಬೆಳೆ ಹಾಳು ಮಾಡುವ ಕಾಡುಹಂದಿಗಳನ್ನು ಕೊಲ್ಲಲು ಆದೇಶಿಸುವ ಅಧಿಕಾರವನ್ನು ಕೇರಳ ಸರ್ಕಾರ 2022ರಲ್ಲಿ ಪಂಚಾಯತ್ ಅಧ್ಯಕ್ಷರಂಥ ಸ್ಥಳೀಯ ಸಂಸ್ಥೆಗಳ ಮುಖ್ಯಸ್ಥರಿಗೆ ಕೊಟ್ಟ ಮೇಲೆ ಲೈಸೆನ್ಸ್ ಇರುವವರಿಗೆ ಕರೆಯೂ ಹೆಚ್ಚಿದೆ. ಆದರೆ ಕೋವಿಯನ್ನು ಮನೆಯಲ್ಲಿ ಇಟ್ಟುಕೊಳ್ಳುವುದು ಬೇರೆ, ಅದರೊಂದಿಗೆ ಪರಊರಿನ ಲಾಡ್ಜಿನಲ್ಲಿ ಒಂದು ರಾತ್ರಿ ಕಳೆಯುವುದು ಬೇರೆ. ಈ ಬಗ್ಗೆ ಓದುಗರು ತಿಳಿದಿರಬೇಕಾದ ಮುಖ್ಯ ಸಂಗತಿಗಳು ಇಲ್ಲಿವೆ.

ಮೊದಲು ನೋಡಬೇಕಾದ್ದು: ಲೈಸೆನ್ಸ್ ಎಲ್ಲಿಯವರೆಗೆ?

ಶಸ್ತ್ರಾಸ್ತ್ರ ಕಾಯ್ದೆ 1959ರದ್ದು. ಅದರ ಕೆಳಗಿನ ಈಗಿನ ನಿಯಮಗಳು 2016ರವು. ಪ್ರತಿ ಲೈಸೆನ್ಸಿನಲ್ಲೂ ಅದು ಯಾವ ಪ್ರದೇಶಕ್ಕೆ ಸಲ್ಲುತ್ತದೆ ಎಂದು ಬರೆದಿರುತ್ತದೆ. ಕೆಲವು ಒಂದು ಜಿಲ್ಲೆಗೆ, ಕೆಲವು ಒಂದು ರಾಜ್ಯಕ್ಕೆ, ಕೆಲವು ಇಡೀ ಭಾರತಕ್ಕೆ. ಒಳನಾಡಿನವರಿಗೆ ಇದು ದೊಡ್ಡ ವಿಷಯವಲ್ಲ. ನಮಗೆ ಮಾತ್ರ ದೊಡ್ಡದು. ಕುಂಬಳೆಯವರು ಮಂಗಳೂರಿಗೆ ಹೊರಟರೆ ತಲಪಾಡಿಯಲ್ಲಿ ರಾಜ್ಯ ಬದಲಾಗುತ್ತದೆ. ಹೊಸೂರಿನವರಿಗೆ ಅತ್ತಿಬೆಲೆ ದಾಟಿದರೆ ಕರ್ನಾಟಕ. ತಾಳವಾಡಿಯವರಿಗೆ ಚಾಮರಾಜನಗರ ಪೇಟೆ, ಅಕ್ಕಲಕೋಟೆಯವರಿಗೆ ಕಲಬುರಗಿ ಪೇಟೆ. ಸಂತೆಗೆ, ಆಸ್ಪತ್ರೆಗೆ, ನೆಂಟರ ಮನೆಗೆ ಹೋಗುವಾಗ ಗಡಿ ನಮ್ಮ ಲೆಕ್ಕಕ್ಕೇ ಬರುವುದಿಲ್ಲ. ಕೋವಿಯ ಲೈಸೆನ್ಸಿಗೆ ಅದೇ ಗಡಿ ಗೋಡೆಯಿದ್ದಂತೆ.

ಕೇರಳಕ್ಕೆ ಮಾತ್ರ ಸಲ್ಲುವ ಲೈಸೆನ್ಸ್ ಇಟ್ಟುಕೊಂಡು ಮಂಗಳೂರಿನ ಲಾಡ್ಜಿನಲ್ಲಿ ಕೋವಿಯೊಂದಿಗೆ ಸಿಕ್ಕರೆ ಷರತ್ತು ಮುರಿದಂತಾಗುತ್ತದೆ. ಕಾಯ್ದೆಯ 30ನೇ ಸೆಕ್ಷನ್ ಪ್ರಕಾರ ಷರತ್ತು ಮುರಿದವರಿಗೆ 6 ತಿಂಗಳವರೆಗೆ ಜೈಲು ಅಥವಾ 2,000 ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. ಲೈಸೆನ್ಸೇ ಇಲ್ಲದೆ ಕೋವಿ ಇಟ್ಟುಕೊಂಡ ಪ್ರಕರಣವೆಂದು ದಾಖಲಾದರೆ ಶಿಕ್ಷೆ ಇನ್ನೂ ಕಠಿಣ. ಇದಲ್ಲದೆ 17ನೇ ಸೆಕ್ಷನ್ ಪ್ರಕಾರ ಲೈಸೆನ್ಸ್ ಅಮಾನತು ಮಾಡುವ, ರದ್ದು ಮಾಡುವ ಅಧಿಕಾರ ಲೈಸೆನ್ಸ್ ಕೊಟ್ಟ ಅಧಿಕಾರಿಗೆ ಇದೆ. ಒಂದು ರಾತ್ರಿಯ ಅಸಡ್ಡೆಗೆ ಅಜ್ಜನ ಕಾಲದ ಕೋವಿ ಕೈಬಿಟ್ಟು ಹೋದೀತು. ಪದೇಪದೇ ಗಡಿ ದಾಟಬೇಕಾದವರು ಪ್ರದೇಶ ವಿಸ್ತರಣೆಗೆ ಮೊದಲೇ ಅರ್ಜಿ ಹಾಕುವುದು ಒಳ್ಳೆಯದು.

ಲಾಡ್ಜಿನವರು ಬೇಡ ಎನ್ನಬಹುದೇ?

ಎನ್ನಬಹುದು. ಲೈಸೆನ್ಸ್ ಎಂದರೆ ಕೋವಿ ಹೊಂದಲು ಸರ್ಕಾರ ಕೊಟ್ಟ ಅನುಮತಿ. ಅದನ್ನು ತೋರಿಸಿ ಖಾಸಗಿಯವರ ಕಟ್ಟಡದೊಳಗೆ ಕೋವಿ ಒಯ್ಯುವ ಹಕ್ಕು ಕೇಳಲಾಗದು. ಅತಿಥಿಯ ಕೋವಿಗೆ ಜಾಗ ಕೊಡಲೇಬೇಕು ಎಂದು ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಎಲ್ಲೂ ಇಲ್ಲ. 2008ರ ನವೆಂಬರ್ 26ರಂದು ಮುಂಬೈಯ ತಾಜ್ ಮತ್ತು ಒಬೆರಾಯ್ ಟ್ರೈಡೆಂಟ್ ಹೋಟೆಲುಗಳ ಮೇಲೆ ಉಗ್ರರ ದಾಳಿ ನಡೆದ ಮೇಲೆ ದೊಡ್ಡ ಹೋಟೆಲುಗಳ ಬಾಗಿಲಲ್ಲಿ ಲೋಹ ಶೋಧಕ, ಬ್ಯಾಗ್ ತಪಾಸಣೆ ಬಂದವು. ಅಂಥ ಕಡೆ ಆಯುಧ ತರಬಾರದು ಎಂಬುದು ಸಾಮಾನ್ಯ ನಿಯಮ. ಬಸ್ ನಿಲ್ದಾಣದ ಪಕ್ಕದ ಸಣ್ಣ ಲಾಡ್ಜುಗಳಲ್ಲಿ ಬರೆದ ನಿಯಮ ಇಲ್ಲದೆ ಇರಬಹುದು, ಅಲ್ಲಿ ಮ್ಯಾನೇಜರ್ ಹೇಳಿದ್ದೇ ಕೊನೆಯ ಮಾತು.

ಹೇಳದೆ ಚೀಲದಲ್ಲಿ ಅಡಗಿಸಿ ಒಯ್ಯುವುದು ಎಲ್ಲಕ್ಕಿಂತ ಕೆಟ್ಟದ್ದು. ಕೋಣೆ ಗುಡಿಸಲು ಬಂದ ಹುಡುಗ ಕೋವಿ ಕಂಡರೆ ಮ್ಯಾನೇಜರಿಗೆ ಹೇಳುತ್ತಾನೆ, ಮ್ಯಾನೇಜರ್ ಠಾಣೆಗೆ ಫೋನ್ ಮಾಡುತ್ತಾರೆ. ಪೊಲೀಸರು ಲೈಸೆನ್ಸ್ ತೋರಿಸಿ ಎಂದರೆ ತೋರಿಸಲೇಬೇಕು (ಸೆಕ್ಷನ್ 19). ಅನುಮಾನಕ್ಕೆ ಎಡೆಕೊಡುವಂತೆ ಆಯುಧ ಸಾಗಿಸುವವರನ್ನು ವಾರಂಟ್ ಇಲ್ಲದೆ ಬಂಧಿಸಲು ಸೆಕ್ಷನ್ 20ರಲ್ಲಿ ಅವಕಾಶವಿದೆ. ಆದ್ದರಿಂದ ಹೊರಡುವ ಮುನ್ನವೇ ಫೋನ್ ಮಾಡಿ ಕೇಳುವುದು ಲೇಸು.

ಕೌಂಟರಿನಲ್ಲಿ ಕೊಟ್ಟಿಡಬಹುದೇ?

ಹಲವರು ತಪ್ಪುವುದು ಇಲ್ಲೇ. ಒಡವೆ, ಹಣದಂತೆ ಕೋವಿಯನ್ನೂ ಕೌಂಟರಿನಲ್ಲಿ ಕೊಟ್ಟು ಬೆಳಿಗ್ಗೆ ಪಡೆಯಬಹುದು ಎಂದುಕೊಳ್ಳುತ್ತಾರೆ. ಹೊಂದಲು ಅರ್ಹತೆ ಇದೆಯೇ ಎಂದು ಖಚಿತಪಡಿಸಿಕೊಳ್ಳದೆ ಇನ್ನೊಬ್ಬರ ವಶಕ್ಕೆ ಕೋವಿ ಕೊಡುವುದು 29ನೇ ಸೆಕ್ಷನ್ ಪ್ರಕಾರ ಅಪರಾಧ. ಲೈಸೆನ್ಸ್ ಇಲ್ಲದೆ ತೆಗೆದುಕೊಂಡ ಕೌಂಟರಿನವನೂ ಸಿಕ್ಕಿಬೀಳುತ್ತಾನೆ. ಗೆಳೆಯರ ಮನೆಯಲ್ಲಿ, ಬಾಡಿಗೆ ಕಾರಿನ ಡಿಕ್ಕಿಯಲ್ಲಿ ಬಿಟ್ಟು ಬರುವುದೂ ಸರಿಯಲ್ಲ.

ಒಂದು ಸಣ್ಣ ವಿನಾಯಿತಿ 3ನೇ ಸೆಕ್ಷನ್ನಿನಲ್ಲೇ ಇದೆ. ರಿಪೇರಿಗೆ, ಲೈಸೆನ್ಸ್ ನವೀಕರಣಕ್ಕೆ ಅಥವಾ ಲೈಸೆನ್ಸುದಾರರ ಉಪಯೋಗಕ್ಕೆಂದು, ಅವರ ಎದುರಿನಲ್ಲಿ ಅಥವಾ ಅವರ ಲಿಖಿತ ಅಧಿಕಾರ ಪತ್ರದೊಂದಿಗೆ ಬೇರೊಬ್ಬರು ಕೋವಿ ಒಯ್ಯಬಹುದು. ವಯಸ್ಸಾದ ತಂದೆಯ ಕೋವಿಯನ್ನು ಮಗ ನವೀಕರಣಕ್ಕೆ ತರುವುದು ಹೀಗೆ. ದಾರಿಯಲ್ಲಿ ಲಾಡ್ಜಿನಲ್ಲಿ ಇಟ್ಟು ಸಿನಿಮಾಕ್ಕೆ ಹೋಗಲು ಇದು ಅನುಮತಿಯಲ್ಲ. ಆ ಪತ್ರ, ಮೂಲ ಲೈಸೆನ್ಸ್ ಎರಡೂ ಕೈಯಲ್ಲಿರಲಿ. ಅಂದೇ ಹೋಗಿ ಅಂದೇ ಮರಳುವಂತೆ ಹೊರಡಿ.

ಮನೆ ಖಾಲಿ ಬಿಟ್ಟು ಹೋಗುವಾಗ

ಮನೆಯವರೆಲ್ಲ ಮೂರು ದಿನ ಮದುವೆಗೆ ಹೊರಟರೆ ಕೋವಿ ಏನು ಮಾಡುವುದು ಎಂಬುದು ನ್ಯಾಯವಾದ ಪ್ರಶ್ನೆ. ಜೊತೆಗೆ ಒಯ್ಯುವುದು ಅದಕ್ಕೆ ಉತ್ತರವಲ್ಲ. ಇತರರ ಕೋವಿ ಸುರಕ್ಷಿತವಾಗಿ ಇಟ್ಟುಕೊಳ್ಳಲು ಪರವಾನಗಿ ಇರುವ ಬಂದೂಕು ಅಂಗಡಿಯಲ್ಲಿ ಇಟ್ಟು ರಶೀದಿ ಪಡೆಯಿರಿ, ಇಲ್ಲವೇ ನಿಮ್ಮ ಠಾಣೆಯಲ್ಲಿ ವಿಚಾರಿಸಿ. ಚುನಾವಣೆ ಸಮಯದಲ್ಲಿ ಕೋವಿ ಠೇವಣಿ ಇಟ್ಟವರಿಗೆ ಈ ಕ್ರಮ ಗೊತ್ತೇ ಇದೆ. ರಶೀದಿಯಲ್ಲಿ ಕೋವಿಯ ನಂಬರು, ತೋಟೆಗಳ ಲೆಕ್ಕ ಸರಿಯಾಗಿದೆಯೇ ನೋಡಿಕೊಳ್ಳಿ.

ಮದುವೆ ಮನೆಯಲ್ಲಿ ಸಂಭ್ರಮಕ್ಕೆಂದು ಗುಂಡು ಹಾರಿಸಿ ಇತರರ ಜೀವಕ್ಕೆ ಅಪಾಯ ತಂದರೆ 2019ರ ತಿದ್ದುಪಡಿಯಂತೆ 2 ವರ್ಷದವರೆಗೆ ಜೈಲು ಅಥವಾ 1 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಇದೆ.

ಕೊಡಗಿನವರ ವಿನಾಯಿತಿ

ಕುಟ್ಟ ದಾಟಿ ವಯನಾಡಿಗೆ ಬರುವ ಕೊಡಗಿನವರ ವಿಷಯ ಸ್ವಲ್ಪ ಬೇರೆ. ಕೊಡವ ಜನಾಂಗದವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಲೈಸೆನ್ಸಿನಿಂದ ವಿನಾಯಿತಿ ಇದೆ. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರ ಅಕ್ಟೋಬರ್ 31ರವರೆಗೆ ಮುಂದುವರಿಸಿತು. 2021ರಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಜಿಲ್ಲೆಯ ಹೊರಗೆ ಒಂದು ರೈಫಲ್ ಮತ್ತು 100 ಗುಂಡು, ಒಂದು ನಯ ನಳಿಗೆಯ ಕೋವಿ ಮತ್ತು 500 ತೋಟೆ ಎಂಬ ಮಿತಿ ಇದೆ. ವಿನಾಯಿತಿ ಪತ್ರ ಜೊತೆಗಿರಲಿ. ಲಾಡ್ಜಿನ ನಿಯಮಕ್ಕೆ ಮಾತ್ರ ಈ ವಿನಾಯಿತಿ ಅನ್ವಯಿಸುವುದಿಲ್ಲ.

ಒಪ್ಪಿಗೆ ಸಿಕ್ಕಿದರೆ

ಲಾಡ್ಜಿನವರು ಒಪ್ಪಿದ್ದಾರೆ, ಲೈಸೆನ್ಸೂ ಆ ಊರಿಗೆ ಸಲ್ಲುತ್ತದೆ ಎಂದಿಟ್ಟುಕೊಳ್ಳೋಣ. ಆಗಲೂ ಇವನ್ನು ಮರೆಯಬೇಡಿ.

1. ಸಾರ್ವಜನಿಕ ಸ್ಥಳದಲ್ಲಿ ಕೋವಿ ಪೂರ್ತಿ ಮುಚ್ಚಿದ ಚೀಲದಲ್ಲೇ ಇರಬೇಕು. ಹೊರತೆಗೆದು ಝಳಪಿಸುವುದನ್ನು 2016ರ ನಿಯಮಗಳು ನಿಷೇಧಿಸಿವೆ.
2. ಮನೆಯಿಂದ ಹೊರಡುವಾಗಲೇ ತೋಟೆ ತೆಗೆದು ಖಾಲಿ ಮಾಡಿ. ಕೋಣೆಯೊಳಗೆ ಆ ಕೆಲಸ ಬೇಡ.
3. ತೋಟೆಗಳನ್ನು ಬೇರೆ ಕಡೆ ಬೀಗ ಹಾಕಿ ಇಡಿ. ಕೋಣೆಯ ಇನ್ನೊಂದು ಕೀಲಿ ಲಾಡ್ಜಿನವರ ಬಳಿ ಇರುತ್ತದೆ ಎಂಬುದು ನೆನಪಿರಲಿ.
4. ಮೂಲ ಲೈಸೆನ್ಸ್ ಜೊತೆಗಿರಲಿ. ಅವಧಿ (2019ರ ತಿದ್ದುಪಡಿಯ ನಂತರ 5 ವರ್ಷ) ಮುಗಿದಿಲ್ಲವೆಂದೂ, ವಿಶಿಷ್ಟ ಗುರುತು ಸಂಖ್ಯೆ ಇದೆಯೆಂದೂ ನೋಡಿಕೊಳ್ಳಿ.
5. ಆ ಊರಿನಲ್ಲಿ ಚುನಾವಣೆ ಅಥವಾ ನಿಷೇಧಾಜ್ಞೆ ಇದೆಯೇ ಕೇಳಿ. ಹಿಂದೆ 144 ಎನ್ನುತ್ತಿದ್ದ ಸೆಕ್ಷನ್ 2024ರ ಜುಲೈ 1ರಿಂದ ಹೊಸ ಸಂಹಿತೆಯಲ್ಲಿ 163 ಆಗಿದೆ.
6. ಕೋವಿ ಕಳವಾದರೆ ಬೆಳಗಾಗಲಿ ಎಂದು ಕಾಯದೆ ಕೂಡಲೇ ಠಾಣೆಗೆ ದೂರು ಕೊಡಿ.

ತುರ್ತು ಅಗತ್ಯವಿಲ್ಲದಿದ್ದರೆ ಕೋವಿಯನ್ನು ಊರಲ್ಲೇ ಬಿಟ್ಟು ಹೋಗುವುದೇ ಕ್ಷೇಮ. ಗಡಿ ದಾಟುವ ಬಸ್ಸಿಗೆ ಟಿಕೆಟ್ ಒಂದೇ ಸಾಕು, ಗಡಿ ದಾಟುವ ಕೋವಿಗೆ ಅಷ್ಟು ಸಾಲದು.