ಮಿಷಿಗನ್–ಟ್ರಂಬುಲ್ ಮೂಲೆಯ ಬೇಸ್‌ಬಾಲ್ ಅಂಗಳ

ಡೆಟ್ರಾಯಿಟ್ ನಗರದ ಹಳಬರು ಈ ಜಾಗವನ್ನು ಗುರುತಿಸುವುದು ರಸ್ತೆಗಳಿಂದ: ಮಿಷಿಗನ್ ಮತ್ತು ಟ್ರಂಬುಲ್ ಕೂಡುವ ಮೂಲೆ. 1912ರ ಏಪ್ರಿಲ್ 20ರಂದು ಇಲ್ಲಿ ನೇವಿನ್ ಫೀಲ್ಡ್ ತೆರೆಯಿತು. 1938ರಲ್ಲಿ ಅದು ಬ್ರಿಗ್ಸ್ ಸ್ಟೇಡಿಯಂ ಆಯಿತು, 1961ರಲ್ಲಿ ಟೈಗರ್ ಸ್ಟೇಡಿಯಂ.

ಅಭಿಮಾನಿಗಳು ಬಾಯಿ ತುಂಬ ಹೇಳುವುದು ಕಟ್ಟಡದ ವಿಚಿತ್ರಗಳನ್ನು. ಬಲಬದಿಯ ಮೇಲಂತಸ್ತು ಕೆಳಗಿನದಕ್ಕಿಂತ ಸುಮಾರು 10 ಅಡಿ ಮುಂದೆ ಚಾಚಿತ್ತು. ಫೀಲ್ಡರ್ ಕೈಯೆತ್ತಿ ಕಾಯುತ್ತಿದ್ದ ಚೆಂಡು ಮೇಲಿನವರ ಮಡಿಲಿಗೆ ಬಿದ್ದು ಹೋಮ್ ರನ್ ಆಗುತ್ತಿತ್ತು. ಸೆಂಟರ್ ಫೀಲ್ಡ್ ಗೋಡೆ 440 ಅಡಿ ದೂರ. 125 ಅಡಿಯ ಧ್ವಜಸ್ತಂಭವೋ, ಆಟದ ಅಂಗಳದೊಳಗೇ! ಡೆಟ್ರಾಯಿಟ್ ಟೈಗರ್ಸ್ ತಂಡದ ಆಟಗಾರ ಟೈ ಕಾಬ್ ಮೆಲ್ಲಗೆ ತಟ್ಟಿದ ಚೆಂಡು ದೂರ ಉರುಳದಿರಲೆಂದು ಹೋಮ್ ಪ್ಲೇಟ್ ಮುಂದಿನ ನೆಲಕ್ಕೆ ನೀರು ಹಾಯಿಸುತ್ತಿದ್ದರು. ಆ ಕೆಸರಿಗೆ ‘ಕಾಬ್ ಕೆರೆ’ ಎಂದೇ ಹೆಸರು. ಮೇಲಂತಸ್ತನ್ನು ಹೊತ್ತ ಕಂಬಗಳ ಹಿಂದಿನ ಸೀಟು ಸಿಕ್ಕವರು ಕತ್ತು ಹೊರಳಿಸುತ್ತಲೇ ಇರಬೇಕಿತ್ತು. ಆದರೆ ಮೇಲಂತಸ್ತು ಆಟಕ್ಕೆ ಅಷ್ಟು ಹತ್ತಿರ ಬಂದದ್ದೂ ಅದೇ ಕಂಬಗಳ ಬಲದಿಂದ.

ರಾತ್ರಿ ದೀಪಗಳು ಬಂದದ್ದು 1948ರಲ್ಲಿ. ಅಮೆರಿಕನ್ ಲೀಗ್‌ನಲ್ಲಿ ಎಲ್ಲರಿಗಿಂತ ತಡ.

ಕೆಡವುವ ಮಾತು ಎದ್ದಾಗ, 1988ರ ಏಪ್ರಿಲ್ 20ರಂದು, ಸಾವಿರಕ್ಕೂ ಹೆಚ್ಚು ಜನ ಕೈಕೈ ಹಿಡಿದು ಸ್ಟೇಡಿಯಂ ಅನ್ನು ಅಪ್ಪಿ ನಿಂತರು. ಆದರೂ 1999ರ ಸೆಪ್ಟೆಂಬರ್ 27ರಂದು ಕೊನೆಯ ಪಂದ್ಯ ನಡೆಯಿತು. ಟೈಗರ್ಸ್ 8–2ರಿಂದ ಗೆದ್ದರು. ರಾಬರ್ಟ್ ಫಿಕ್ ಹೊಡೆದ ಗ್ರ್ಯಾಂಡ್ ಸ್ಲ್ಯಾಮ್ ಚಾವಣಿಗೆ ಬಡಿಯಿತು.

2009ರಲ್ಲಿ ಕಟ್ಟಡ ಪೂರ್ತಿ ನೆಲಸಮವಾಯಿತು. ಮರುವರ್ಷದಿಂದ ಸ್ವಯಂಸೇವಕರು ಕಳೆ ಕಿತ್ತು, ಹುಲ್ಲು ಕತ್ತರಿಸಿ ಅಂಗಳವನ್ನು ಉಳಿಸಿಕೊಂಡರು. 2018ರಿಂದ ಇಲ್ಲಿ ಮಕ್ಕಳ ಕ್ರೀಡಾಂಗಣವಿದೆ. ಅದಕ್ಕೆ ಕೃತಕ ಹುಲ್ಲು ಹಾಸಿದ್ದು ಆ ಸ್ವಯಂಸೇವಕರಿಗೆ ಹಿಡಿಸಲಿಲ್ಲ.