ಸಾಲ ವಸೂಲಿ: ಅಮೀನನಿಂದ ವಾರದ ಕಂತಿನವರೆಗೆ

ಮೊನ್ನೆ ರಾತ್ರಿ ಏಳೂವರೆಗೆ ನೀರು ಬದಲಿಸಿ ಬರುವಾಗ ತೋಟದಲ್ಲಿ ಯಾರೋ ಕೂತ ಹಾಗೆ ಕಂಡಿತು. ಟಾರ್ಚು ಹಾಕಿದರೆ ಪಕ್ಕದ ಮನೆಯ ಅಕ್ಕ. "ಲೈಟ್ ಬಂದ್ ಮಾಡಿ ಅಣ್ಣ, ಕಂತಿನವರು ಜಗಲಿಯಲ್ಲಿ ಕೂತಿದ್ದಾರೆ" ಅಂದರು. ಎರಡು ವಾರದ್ದು ಬಾಕಿಯಂತೆ. ಸೊಳ್ಳೆ ಕಚ್ಚಿಸಿಕೊಂಡು ಒಂದು ಗಂಟೆಯಿಂದ ಅಲ್ಲೇ ಇದ್ದರು.

ನನಗೆ ಅಜ್ಜನ ನೆನಪಾಯ್ತು. ಸುಮಾರು 90 ವರ್ಷದ ಹಿಂದೆ ಅವರೂ ಇದೇ ತೋಟದಲ್ಲಿ ಅಡಗಿದವರು. ಆಗ ಬರುತ್ತಿದ್ದದ್ದು ಕೋರ್ಟಿನ ಅಮೀನ.

ಆಗಿನ ಸಾಲದ ಕ್ರಮ ಹೀಗೆ. ಮಳೆಗಾಲದ ಅಕ್ಕಿಗೆ, ಮದುವೆಗೆ ಅಂತ ಪಾಣೆಮಂಗಳೂರು ಪೇಟೆಯ ವ್ಯಾಪಾರಿಯಿಂದ ಮುಂಗಡ ತರುವುದು, ಅಡಿಕೆ ಒಣಗಿದ ಮೇಲೆ ಅವರಿಗೇ ಹಾಕುವುದು. ತಕ್ಕಡಿ ಅವರದ್ದು, ದರ ಅವರದ್ದು, ಲೆಕ್ಕದ ಪುಸ್ತಕವೂ ಅವರದ್ದೇ. ಅಜ್ಜನ ಕೈಯಲ್ಲಿ ಒಂದು ಚೂರು ಕಾಗದ ಇರಲಿಲ್ಲ. 1929ರ ನಂತರ ಜಗತ್ತಿನಲ್ಲೆಲ್ಲ ಬೆಳೆಯ ದರ ಬಿದ್ದಿತು. ಬಡ್ಡಿ ಮಾತ್ರ ಬೀಳಲಿಲ್ಲ. ದಾವೆ ಆಯ್ತು, ಡಿಕ್ರಿ ಆಯ್ತು, ಅಮೀನ ಬಂದ.

ಅಜ್ಜಿ ಹೇಳುತ್ತಿದ್ದ ಪ್ರಕಾರ ಅಮೀನ ಬರುತ್ತಾನೆ ಅಂದ ಕೂಡಲೇ ಅಜ್ಜ ತೋಟಕ್ಕೆ, ಎತ್ತು ಪಕ್ಕದ ಮನೆಯ ಹಟ್ಟಿಗೆ, ತಾಮ್ರದ ಪಾತ್ರೆ ಬೈಹುಲ್ಲಿನ ಒಳಗೆ. ಆದರೆ 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯಲ್ಲಿ ಆಗಲೇ ಬರೆದಿತ್ತು: ಸೂರ್ಯ ಮುಳುಗಿದ ಮೇಲೆ ಜಪ್ತಿಗೆ ಅಂತ ಮನೆಯೊಳಗೆ ಕಾಲಿಡುವ ಹಾಗಿಲ್ಲ. ಅಡುಗೆ ಪಾತ್ರೆ, ಹಾಸಿಗೆ, ರೈತನ ನೇಗಿಲು, ಉಳುವ ಎತ್ತು, ಬಿತ್ತನೆ ಬೀಜ ಮುಟ್ಟುವ ಹಾಗಿಲ್ಲ. ಅಂದರೆ ಅವರು ಹೆದರಿ ಅಡಗಿಸಿದ್ದರಲ್ಲಿ ಹೆಚ್ಚಿನದ್ದು ಅಡಗಿಸಬೇಕಾದದ್ದೇ ಅಲ್ಲ. ಹೇಳುವವರು ಯಾರೂ ಇರಲಿಲ್ಲ, ಕೇಳಲಿಕ್ಕೆ ಅಜ್ಜನಿಗೆ ನಾಚಿಕೆ.

1938ರಲ್ಲಿ, ನಮ್ಮ ಜಿಲ್ಲೆ ಮದ್ರಾಸ್ ಪ್ರಾಂತ್ಯದಲ್ಲಿದ್ದಾಗ, ರಾಜಾಜಿ ಸರಕಾರ ಕೃಷಿಕರ ಸಾಲ ಪರಿಹಾರದ ಕಾನೂನು ತಂದಿತು. 1932 ಅಕ್ಟೋಬರಿಗೆ ಮೊದಲಿನ ಸಾಲವಾದರೆ 1937 ಅಕ್ಟೋಬರ್ 1ಕ್ಕೆ ಬಾಕಿ ಇದ್ದ ಬಡ್ಡಿ ಪೂರ್ತಿ ಮಾಫಿ. ಅಸಲು, ಬಡ್ಡಿ ಯಾವ ಹೆಸರಲ್ಲೇ ಆಗಲಿ ಅಸಲಿನ ಎರಡು ಪಟ್ಟು ಕೊಟ್ಟಾಗಿದ್ದರೆ ಸಾಲವೇ ಮುಗಿಯಿತು. 100 ರೂಪಾಯಿ ತಂದವನು 200 ಕಟ್ಟಿದ್ದರೆ ಮತ್ತೆ ಒಂದು ಕಾಸು ಕೊಡಬೇಕಾಗಿಲ್ಲ.

ಅಜ್ಜ ಎರಡು ಪಟ್ಟಿಗಿಂತ ಹೆಚ್ಚೇ ಅಡಿಕೆ ಹಾಕಿದ್ದರು. ತೋರಿಸುವುದು ಹೇಗೆ? ಚೀಟಿ ಇಲ್ಲ. ಬಡ್ಡಿ ಹೋಯಿತು, ಅಸಲು ಉಳಿಯಿತು. ಅದಕ್ಕೆ ಕೆಳಗಿನ ಗದ್ದೆ ಹೋಯಿತು. ಈಗಲೂ ಆ ಗದ್ದೆ ದಾಟಿಯೇ ನಾನು ಪಂಪಿಗೆ ಹೋಗುವುದು.

1976ರಲ್ಲಿ ದೇವರಾಜ ಅರಸರ ಕಾಲದ ಋಣ ಪರಿಹಾರ ಕಾಯ್ದೆ ಬಂತು. ಬ್ಯಾಂಕು, ಸೊಸೈಟಿಯ ಸಾಲ ಅದಕ್ಕೆ ಸೇರಿರಲಿಲ್ಲ. ಸಣ್ಣ ರೈತರ, ಭೂಮಿ ಇಲ್ಲದ ಕೂಲಿಯವರ ಖಾಸಗಿ ಸಾಲ ಮನ್ನಾ, ಅಡವಿಟ್ಟ ಬಂಗಾರವೂ ವಾಪಸ್. ನಮ್ಮ ಅಜ್ಜಿಯ ಬೆಂಡೋಲೆ ಪೇಟೆಯಲ್ಲಿ ಅಡವಿತ್ತು. ಕೇಳಲಿಕ್ಕೆ ಹೋದರೆ "ಯಾವ ಬೆಂಡೋಲೆ?" ಅಂದರಂತೆ. ಅಲ್ಲಿಯೂ ಚೀಟಿ ಇರಲಿಲ್ಲ. ಎರಡು ಕಾನೂನು ಮನೆ ಬಾಗಿಲಿಗೆ ಬಂದರೂ ನಮ್ಮವರಿಗೆ ಪೂರ್ತಿ ದಕ್ಕಲಿಲ್ಲ ಮಾರಾಯ್ರೆ.

ಈಗಿನದ್ದೂ ಹೇಳುತ್ತೇನೆ. 2022ರ ರಿಸರ್ವ್ ಬ್ಯಾಂಕ್ ನಿಯಮದಂತೆ ಮೈಕ್ರೋಫೈನಾನ್ಸ್ ಸಾಲಕ್ಕೆ ಬೆಳಿಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ಫೋನು ಮಾಡುವ ಹಾಗಿಲ್ಲ. ಬೈಯುವ, ಬೆದರಿಸುವ, ಸಂಬಂಧಿಕರನ್ನು ಪೀಡಿಸುವ ಹಾಗಿಲ್ಲ. 2025ರ ಫೆಬ್ರವರಿಯಲ್ಲಿ ನಮ್ಮ ರಾಜ್ಯ ಸುಗ್ರೀವಾಜ್ಞೆ ತಂದಿತು, ಮತ್ತೆ ಅದು ಕಾಯ್ದೆ ಆಯ್ತು. ಸಣ್ಣ ಸಾಲದ ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ ಉಂಟು.

ಸಾಲ ಕೊಡಬೇಡಿ ಅಂತ ನಾನು ಹೇಳುವುದಲ್ಲ. ತಂದದ್ದು ಕೊಡಲೇಬೇಕು. ಆದರೆ ಕೊಟ್ಟ ಪ್ರತಿ ಕಂತಿಗೂ ರಶೀದಿ ಕೇಳಿ ತೆಗೆದುಕೊಳ್ಳಿ, ಒಂದೇ ಡಬ್ಬದಲ್ಲಿ ಹಾಕಿಡಿ. ಯಾರು, ಯಾವ ದಿನ, ಎಷ್ಟು ಗಂಟೆಗೆ ಬಂದರು ಅಂತ ಕ್ಯಾಲೆಂಡರಿನಲ್ಲಿ ಬರೆಯಿರಿ. ಮತ್ತೆ, ತೋಟದಲ್ಲಿ ಒಬ್ಬರೇ ಕೂರಬೇಡಿ.

ಆ ದಿನ ಅಕ್ಕನ ಜೊತೆ ನಾನೂ ಜಗಲಿಗೆ ಹೋದೆ. "ಇಷ್ಟು ಹೊತ್ತಿಗೆ ಬರುವುದು ಸರಿಯಲ್ಲ, ನಾಳೆ ಹಗಲು ಬನ್ನಿ, ಲೆಕ್ಕದ ಕಾಗದ ತನ್ನಿ" ಅಂದೆ. ಹುಡುಗ ಏನೂ ಹೇಳದೆ ಬೈಕ್ ಹತ್ತಿದ. ಅವನಿಗೂ ಮೇಲಿನವರ ಒತ್ತಡ ಇರಬಹುದು. ಮರುದಿನ ಹಗಲೇ ಬಂದ, ಅಕ್ಕ ಒಂದು ಕಂತು ಕಟ್ಟಿ ರಶೀದಿ ಇಸ್ಕೊಂಡರು.