ಹೊಳೆದಂಡೆಯ ಹಳೆಯ ಛಾಯಾಚಿತ್ರಗಳು

ಕಮತಗಿ ಭಾಗದ ಜನರಿಗೆ ಹೊಳೆ ಎಂದರೆ ಮಲಪ್ರಭೆ. ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟಿ, ಪಟ್ಟದಕಲ್ಲು ಐಹೊಳೆಗಳನ್ನು ಹಾಯ್ದು ಬಂದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುವ ಈ ನದಿಯ ದಂಡೆಯಲ್ಲಿ ಆಳಿದ ರಾಜರ ಇತಿಹಾಸವನ್ನು ನಾವು ಮಕ್ಕಳಿಗೆ ಪ್ರತಿವರ್ಷ ಪಾಠ ಮಾಡುತ್ತೇವೆ. ಐಹೊಳೆಯ ಮೇಗುಟಿಯಲ್ಲಿರುವ ಕ್ರಿ.ಶ. 634ರ ಶಾಸನ, ಅದನ್ನು ರಚಿಸಿದ ರವಿಕೀರ್ತಿ, ಅದರಲ್ಲಿ ಹೊಗಳಿಸಿಕೊಂಡ ಇಮ್ಮಡಿ ಪುಲಿಕೇಶಿ, ಇವರೆಲ್ಲ ಪರೀಕ್ಷೆಗೆ ಬರುತ್ತಾರೆ. ಆದರೆ ನಮ್ಮ ಮುತ್ತಜ್ಜಂದಿರ ಕಾಲದಲ್ಲಿ ಇದೇ ದಂಡೆಯಲ್ಲಿ ಬಟ್ಟೆ ಒಗೆದವರು, ದನಗಳ ಮೈ ತೊಳೆದವರು, ಹರಿಗೋಲು ನಡೆಸಿದವರು ಯಾರು? ಅವರಿಗೆ ಶಾಸನವಿಲ್ಲ. ಅವರ ಗುರುತು ಸ್ವಲ್ಪವಾದರೂ ಸಿಗುವುದು ಹಳೆಯ ಛಾಯಾಚಿತ್ರಗಳಲ್ಲಿ. ಅದೂ ಅವರಿಗಾಗಿ ತೆಗೆಯದ ಚಿತ್ರಗಳಲ್ಲಿ!

ನಮ್ಮ ಭಾಗಕ್ಕೆ ಕ್ಯಾಮೆರಾ ಬಂದದ್ದು ಸರಕಾರದ ಕೆಲಸಕ್ಕಾಗಿ. 1855ರಲ್ಲಿ ಈಸ್ಟ್ ಇಂಡಿಯಾ ಕಂಪನಿಯು ಫಿರಂಗಿ ದಳದ ಅಧಿಕಾರಿ ಥಾಮಸ್ ಬಿಗ್ಸ್ ಅವರಿಗೆ ಬಿಜಾಪುರ, ಬಾದಾಮಿ, ಐಹೊಳೆ, ಪಟ್ಟದಕಲ್ಲುಗಳ ಕಟ್ಟಡಗಳ ಚಿತ್ರ ತೆಗೆಯುವ ಕೆಲಸವನ್ನು ವಹಿಸಿತು. ಅವರ ನಂತರ ಡಾ. ಪಿಗೋ ಈ ಕೆಲಸ ಮುಂದುವರಿಸಿದರು, ಡಾ. ನೀಲ್ ಅವರೂ ಚಿತ್ರ ತೆಗೆದರು. ಮೂವರ ಚಿತ್ರಗಳು 1866ರಲ್ಲಿ ಲಂಡನ್ನಿನಲ್ಲಿ ‘ಆರ್ಕಿಟೆಕ್ಚರ್ ಇನ್ ಧಾರವಾರ್ ಅಂಡ್ ಮೈಸೂರ್’ ಎಂಬ ದೊಡ್ಡ ಗ್ರಂಥವಾಗಿ ಬಂದವು. ಅದಕ್ಕೆ ಇತಿಹಾಸ ಬರೆದವರು ಸುರಪುರದಲ್ಲಿ ಆಡಳಿತ ನಡೆಸಿದ್ದ ಮೆಡೋಸ್ ಟೇಲರ್. 1874ರಲ್ಲಿ ಜೇಮ್ಸ್ ಬರ್ಜೆಸ್ ಬೆಳಗಾವಿ ಮತ್ತು ಕಲಾದಗಿ ಜಿಲ್ಲೆಗಳ ಸಮೀಕ್ಷೆ ಮಾಡಿದರು. ಆಗ ನಮ್ಮದು ಕಲಾದಗಿ ಜಿಲ್ಲೆ! ನಂತರ ಬಂದವರು ಹೆನ್ರಿ ಕೌಸೆನ್ಸ್. ಅವರು 1910ರಲ್ಲಿ ನಿವೃತ್ತರಾದರೂ ಚಾಲುಕ್ಯ ಶಿಲ್ಪದ ಮೇಲಿನ ಅವರ ಗ್ರಂಥ ಅಚ್ಚಾದದ್ದು 1926ರಲ್ಲಿ. ಇಪ್ಪತ್ತನೆಯ ಶತಮಾನದ ಆರಂಭದ ಹೊಳೆದಂಡೆಯನ್ನು ನೋಡಬಯಸುವವರು ಇಂಥ ಗ್ರಂಥಗಳ ಪುಟ ತೆರೆಯಬೇಕು.

ಈ ಚಿತ್ರಗಳನ್ನು ಓದುವುದಕ್ಕೂ ಒಂದು ರೀತಿ ಇದೆ. ಬಿಗ್ಸ್ ಅವರ ಕಾಲದಲ್ಲಿ ಮೇಣ ಸವರಿದ ಕಾಗದದ ಮೇಲೆ ಬಿಂಬ ಮೂಡಲು ಕೆಲವು ನಿಮಿಷಗಳೇ ಬೇಕಾಗುತ್ತಿದ್ದವು. ಕಲ್ಲು ಕದಲುವುದಿಲ್ಲ, ಆದ್ದರಿಂದ ಕಲ್ಲು ಸ್ಪಷ್ಟವಾಗಿ ಮೂಡುತ್ತಿತ್ತು. ಹರಿಯುವ ನೀರು ಹೊಗೆಯಂತೆ ಕಾಣುತ್ತಿತ್ತು. ಕೊಡ ಹೊತ್ತು ನಡೆದ ಹೆಣ್ಣುಮಗಳು ಚಿತ್ರದಲ್ಲಿ ಉಳಿಯುತ್ತಲೇ ಇರಲಿಲ್ಲ. ಹೀಗಾಗಿ ಅತಿ ಹಳೆಯ ಚಿತ್ರಗಳಲ್ಲಿ ಊರು ನಿರ್ಜನವಾಗಿ ಕಂಡರೆ ಅಲ್ಲಿ ಜನರೇ ಇರಲಿಲ್ಲವೆಂದು ಭಾವಿಸಬಾರದು. ಮುಂದೆ ಗಾಜಿನ ಒಣ ಪ್ಲೇಟುಗಳು ಬಂದ ಮೇಲೆ ಮನುಷ್ಯರು ಕಾಣತೊಡಗಿದರು. ಆದರೂ ಅವರಿಗೆ ಹೆಸರಿಲ್ಲ. ಕಂಬದ ಪಕ್ಕ ರುಮಾಲು ಸುತ್ತಿದ ಒಬ್ಬನನ್ನು ನಿಲ್ಲಿಸುತ್ತಿದ್ದರು, ಕಂಬದ ಎತ್ತರ ತಿಳಿಯಲಿ ಎಂದು. ಅಂದರೆ ಅವನು ಅಳತೆಗೋಲು! ಕಂಬಕ್ಕೆ ಶತಮಾನ, ಶೈಲಿ, ವಂಶ ಎಲ್ಲವನ್ನೂ ಬರೆದ ವಿದ್ವಾಂಸರು ಆ ಮನುಷ್ಯನ ಹೆಸರನ್ನು ಕೇಳಿ ಬರೆದುಕೊಳ್ಳಲಿಲ್ಲ. ಅವರ ಶ್ರಮವನ್ನು ನಾನು ಗೌರವಿಸುತ್ತೇನೆ, ಆದರೆ ಈ ಕೊರತೆಯನ್ನು ಮರೆಯಲಾರೆ.

ಆದರೂ ಚಿತ್ರದ ಅಂಚುಗಳಲ್ಲಿ ಬದುಕು ಇಣುಕುತ್ತದೆ. ಐಹೊಳೆಯ ದುರ್ಗದ ಗುಡಿಯ ಹಳೆಯ ಚಿತ್ರಗಳಲ್ಲಿ ಗುಡಿಯ ತಲೆಯ ಮೇಲೆ ಒರಟು ಕಲ್ಲುಗಳ ಒಟ್ಟಿಲು ಕಾಣುತ್ತದೆ. ಈಗ ಅದಿಲ್ಲ. ಒಂದು ಕಾಲದಲ್ಲಿ ಗುಡಿಯೇ ಕೋಟೆಯ ಭಾಗವಾಗಿತ್ತು, ಅದರ ಮೇಲೆ ಕಾವಲಿನ ಜಾಗ ಕಟ್ಟಿದ್ದರು. ಗುಡಿಯ ಹೆಸರು ದುರ್ಗಾದೇವಿಯಿಂದ ಬಂದದ್ದಲ್ಲ, ದುರ್ಗ ಎಂದರೆ ಕೋಟೆ ಎಂಬುದರಿಂದ ಬಂದದ್ದು ಎಂದು ಮಕ್ಕಳಿಗೆ ನಾವು ಬಾಯಿಮಾತಿನಲ್ಲಿ ಹೇಳುತ್ತೇವೆ. ಹಳೆಯ ಚಿತ್ರ ಅದನ್ನು ಕಣ್ಣಿಗೆ ತೋರಿಸಿಕೊಡುತ್ತದೆ.

ಐಹೊಳೆಯ ಗುಡಿಗಳಲ್ಲಿ ಜನ ಸಂಸಾರ ಮಾಡಿಕೊಂಡಿದ್ದರು. ಒಂದರಲ್ಲಿ ವಾಸವಾಗಿದ್ದ ಲಾಡಖಾನ್ ಎಂಬುವರ ಹೆಸರೇ ಆ ಗುಡಿಗೆ ನಿಂತಿದೆ. ಇಂದು ದೇಶವಿದೇಶಗಳ ವಿದ್ಯಾರ್ಥಿಗಳು ಚಾಲುಕ್ಯರ ಈ ಗುಡಿಯನ್ನು ಒಬ್ಬ ಮುಸ್ಲಿಂ ನಿವಾಸಿಯ ಹೆಸರಿನಿಂದಲೇ ಓದುತ್ತಾರೆ. ಪಕ್ಕದಲ್ಲೇ ಗೌಡರ ಗುಡಿ. ಇನ್ನು ಬಡಿಗೇರ ಗುಡಿ, ಹೊಳೆ ದಾಟಿಸುವವರ ಅಂಬಿಗೇರ ಗುಡಿ. ಈ ಹೆಸರುಗಳನ್ನು ಒಂದರ ಪಕ್ಕ ಒಂದು ಇಟ್ಟರೆ ಒಂದು ಊರಿನ ಓಣಿಗಳೇ ಎದ್ದು ಬರುತ್ತವೆ. 1904ರಲ್ಲಿ ಪ್ರಾಚೀನ ಸ್ಮಾರಕ ಸಂರಕ್ಷಣಾ ಕಾಯಿದೆ ಬಂದಿತು. ಕ್ರಮೇಣ ಗುಡಿಗಳನ್ನು ತೆರವು ಮಾಡಿ, ಸುತ್ತ ಬೇಲಿ ಹಾಕಿ, ಹುಲ್ಲು ಬೆಳೆಸಿದರು. ಗುಡಿಗಳು ಉಳಿದದ್ದು ಇದರಿಂದಲೇ ಎಂಬುದು ನಿಜ. ಒಲೆಯ ಹೊಗೆಯಿಂದ ಕಪ್ಪಾದ ಗೋಡೆ, ಬಾಗಿಲ ಮುಂದಿನ ಬಂಡಿ, ದನ ಕಟ್ಟಿದ ಗೂಟ ಹೋದದ್ದೂ ಇದರಿಂದಲೇ.

ಅಂಬಿಗರ ಹರಿಗೋಲಿನ ಕುರಿತು ಒಂದು ಮಾತು. ಬಿದಿರಿನಿಂದ ದುಂಡಗೆ ಹೆಣೆದು ಹೊರಗೆ ಚರ್ಮ ಹೊದಿಸಿದ ಈ ದೋಣಿಯನ್ನು ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಪೇಸ್ 1520ರ ಸುಮಾರಿಗೇ ಕಂಡು ಬರೆದಿದ್ದಾನೆ. ಸೇತುವೆಗಳು ಆಗುವವರೆಗೆ ಮಳೆಗಾಲದಲ್ಲಿ ಸಂತೆಗೂ ಮದುವೆಗೂ ಇದೇ ಗತಿ. 1970ರ ದಶಕದಲ್ಲಿ ಸವದತ್ತಿಯ ಹತ್ತಿರ ನವಿಲುತೀರ್ಥದ ಅಣೆಕಟ್ಟು ಹೊಳೆಯ ನೀರನ್ನು ಹಿಡಿದ ಮೇಲೆ ಹೊಳೆಯ ಸ್ವಭಾವವೇ ಬದಲಾಯಿತು. ಅದಕ್ಕಿಂತ ಹಿಂದಿನ ಹೊಳೆಯನ್ನು ಕಂಡವರು ಈಗ ಮುಪ್ಪಾಗಿದ್ದಾರೆ.

ನಮ್ಮವರೇ ತೆಗೆಸಿಕೊಂಡ ಚಿತ್ರಗಳಲ್ಲಿ ಹೊಳೆ ಇಲ್ಲವೇ? ಇದೆ, ಆದರೆ ಪರದೆಯ ಮೇಲೆ! ಸ್ಟುಡಿಯೋಗಳಲ್ಲಿ ಕೊಳ, ಮೆಟ್ಟಿಲು, ಬಳ್ಳಿ ಬರೆದ ಪರದೆಯ ಮುಂದೆ ಶೇರ್ವಾನಿ ತೊಟ್ಟು ಕುಳಿತವರ ಚಿತ್ರಗಳು ಎಷ್ಟೋ ಮನೆಗಳಲ್ಲಿವೆ. ನಿಜವಾದ ಹೊಳೆ ಪಕ್ಕದಲ್ಲೇ ಹರಿಯುತ್ತಿದ್ದರೂ ಅಲ್ಲಿಗೆ ಕ್ಯಾಮೆರಾ ಒಯ್ಯಬೇಕೆಂದು ಯಾರಿಗೂ ತೋಚಲಿಲ್ಲ. ಮಗ್ಗದ ಮುಂದೆ ಕುಳಿತ ಕಮತಗಿಯ ನೇಕಾರನನ್ನಾಗಲಿ, ಹೊಲದಲ್ಲಿ ಕುಂಟಿ ಹೊಡೆಯುವವನನ್ನಾಗಲಿ ಇಂಥ ಚಿತ್ರಗಳಲ್ಲಿ ನಾನು ಕಂಡಿಲ್ಲ. ಕೆಲಸದ ಬಟ್ಟೆಯಲ್ಲಿ ಚಿತ್ರ ತೆಗೆಸಿಕೊಳ್ಳುವುದೇ? ಹಿರಿಯರಿಗೆ ಅದು ಮರ್ಯಾದೆ ಎನಿಸಿರಲಿಕ್ಕಿಲ್ಲ.

ಇರುವ ಚಿತ್ರಗಳೂ ನೀರಿನ ಪಾಲಾಗುತ್ತಿವೆ. ಆಲಮಟ್ಟಿ ಹಿನ್ನೀರಿನಿಂದ ಹಳೆಯ ಬಾಗಲಕೋಟೆಯ ಎಷ್ಟೋ ಓಣಿಗಳು ಮುಳುಗಡೆಯಾಗಿ ಜನ ನವನಗರಕ್ಕೆ ಹೋದರು. ಸಾಮಾನು ಸಾಗಿಸುವ ಗಡಿಬಿಡಿಯಲ್ಲಿ ಕಟ್ಟು ಹಾಕಿದ ಚಿತ್ರಗಳು ಒಡೆದವು. 2009ರಲ್ಲಿ ಮಲಪ್ರಭೆ ಉಕ್ಕಿತು. 2019ರ ಆಗಸ್ಟ್‌ನಲ್ಲಿ ಪಟ್ಟದಕಲ್ಲಿನ ಗುಡಿಗಳ ಆವರಣಕ್ಕೇ ನೀರು ನುಗ್ಗಿತು. ಪುರಾತತ್ವ ಇಲಾಖೆಯ ಹಳೆಯ ಚಿತ್ರಗಳು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿ ಜೋಪಾನವಾಗಿವೆ. ನಮ್ಮ ಮನೆಯ ಟ್ರಂಕಿನೊಳಗಿನ ಚಿತ್ರಕ್ಕೆ ಅಂಥ ಜೋಪಾನವೆಲ್ಲಿ?

ಹೋದ ವರ್ಷ ಒಂಬತ್ತನೆಯ ತರಗತಿಯ ಮಕ್ಕಳಿಗೆ ಮನೆಯ ಅತಿ ಹಳೆಯ ಚಿತ್ರವನ್ನು, ಅದರಲ್ಲಿರುವವರ ಹೆಸರುಗಳೊಂದಿಗೆ ತರಲು ಹೇಳಿದೆ. ಒಬ್ಬ ಹುಡುಗಿ ತಂದದ್ದು ಮುಳುಗಡೆಯಾದ ಮನೆಯ ಕಟ್ಟೆಯ ಮೇಲೆ ತೆಗೆದ ಗುಂಪುಚಿತ್ರ. ಒಟ್ಟು ಹನ್ನೊಂದು ಜನ, ಹಿಂದೆ ಇಸವಿ ಇಲ್ಲ. ಆಕೆಯ ದಾದಿ ಕನ್ನಡಕ ಏರಿಸಿ, ಎಡಗಡೆಯಿಂದ ಬೆರಳಿಟ್ಟು ಒಬ್ಬೊಬ್ಬರ ಹೆಸರು, ಯಾರ ಮನೆಗೆ ಯಾರನ್ನು ಕೊಟ್ಟದ್ದು ಎಂಬುದನ್ನೆಲ್ಲ ಹೇಳಿದರಂತೆ. ಹುಡುಗಿ ಒಂಬತ್ತು ಹೆಸರುಗಳನ್ನು ಬರೆದುಕೊಂಡು ಬಂದಿದ್ದಳು. ಉಳಿದ ಇಬ್ಬರನ್ನು ಕೇಳಲು ಗುಳೇದಗುಡ್ಡದಲ್ಲಿರುವ ದಾದಿಯ ಅಕ್ಕನ ಮನೆಗೆ ಹೋಗಬೇಕಂತೆ.